3 ಇಂಚಿನ ಗ್ಯಾಸ್ ಕಂಟ್ರೋಲ್ ವಾಲ್ವ್ 4 ಪರ್ಸೆಂಟಿನಲ್ಲಿ ಹಂಟಿಂಗ್: ಸೈಜಿಂಗ್ ತಪ್ಪಿದೆಯಾ?

ದಾಬಸ್‌ಪೇಟೆ_ಬಾಯ್ಲರ್

ಎಲ್ಲರಿಗೂ ನಮಸ್ಕಾರ. ನಮ್ಮ ಪ್ಲಾಂಟಿನ 16 ಟನ್ ಬಾಯ್ಲರನ್ನು ಫರ್ನೇಸ್ ಆಯಿಲ್ ಬಿಡಿಸಿ ಪಿಎನ್‌ಜಿಗೆ (ಪೈಪಿನಲ್ಲಿ ಬರುವ ನೈಸರ್ಗಿಕ ಅನಿಲ) ಬದಲಾಯಿಸಿದ್ದಾರೆ. ನಾನು ಇನ್‌ಸ್ಟ್ರುಮೆಂಟ್ ಮೇಂಟೆನೆನ್ಸ್ ನೋಡಿಕೊಳ್ಳುವವನು. ವಾಲ್ವ್ ಸೈಜಿಂಗ್ ಮಾಡಿದ್ದು ಪ್ರಾಜೆಕ್ಟ್‌ನವರು ಮತ್ತು ವಾಲ್ವ್ ಕೊಟ್ಟವರು ಸೇರಿ.

ಹಗಲು ಲೋಡ್ ಇದ್ದಾಗ ಏನೂ ತಕರಾರಿಲ್ಲ. ರಾತ್ರಿ ಪಾಳಿಯಲ್ಲಿ ಸ್ಟೀಮ್ ಬೇಡಿಕೆ ಇಳಿದು ಲೋ ಫೈರ್ (ಬರ್ನರ್‌ನ ಕನಿಷ್ಠ ಉರಿ) ಹತ್ತಿರ ಬಂತೋ, ಗ್ಯಾಸ್ ವಾಲ್ವ್ ಹಂಟಿಂಗ್ ಶುರು. ಫ್ಲೋ 150ಕ್ಕೆ ಇಳಿಯುತ್ತೆ, 260ಕ್ಕೆ ಏರುತ್ತೆ, ಆಕ್ಸಿಜನ್ ರೀಡಿಂಗ್ ಅದರ ಹಿಂದೆಯೇ ಕುಣಿಯುತ್ತೆ. ಒಮ್ಮೊಮ್ಮೆ ಫ್ಲೇಮ್ ಹೋಗಿ ಟ್ರಿಪ್ ಕೂಡ ಆಗುತ್ತೆ.

ವಿವರ ಇಷ್ಟು: ಗರಿಷ್ಠ ಫ್ಲೋ ಗಂಟೆಗೆ 1200 ಎಸ್‌ಸಿಎಂ (ಸ್ಟಾಂಡರ್ಡ್ ಘನ ಮೀಟರ್), ಲೋ ಫೈರ್ 200. ವಾಲ್ವ್‌ಗೆ ಬರುವ ಒತ್ತಡ 2.0 ಬಾರ್, ಫುಲ್ ಲೋಡಿನಲ್ಲಿ ವಾಲ್ವ್ ಆಚೆ 0.8 ಬಾರ್, ಲೋ ಫೈರಿನಲ್ಲಿ 20 ಮಿಲಿಬಾರ್. ಲೈನ್ 3 ಇಂಚು, ವಾಲ್ವೂ 3 ಇಂಚಿನ ಗ್ಲೋಬ್, ಲೀನಿಯರ್ ಟ್ರಿಮ್ (ಒಳಗಿನ ಪ್ಲಗ್, ಸೀಟ್), ರೇಟೆಡ್ ಸಿವಿ (ಪೂರ್ತಿ ತೆರೆದಾಗ ಎಷ್ಟು ಹರಿಯಬಿಡುತ್ತೆ ಅನ್ನೋ ಅಂಕಿ) 110. ಫುಲ್ ಲೋಡಿನಲ್ಲಿ ಸ್ಟೆಮ್ (ಪ್ಲಗ್ಗಿನ ದಂಡ) 28 ಪರ್ಸೆಂಟ್, ಲೋ ಫೈರಿನಲ್ಲಿ 4 ಪರ್ಸೆಂಟ್ ತೆರೆದಿರುತ್ತೆ.

ನನಗನ್ನಿಸೋದು ವಾಲ್ವ್ ದೊಡ್ಡದಾಯಿತು ಅಂತ. ಆದರೆ ವಾಲ್ವ್‌ನವರು ಟ್ಯೂನಿಂಗ್ ಸರಿ ಮಾಡಿಕೊಳ್ಳಿ ಅಂತಾರೆ. ಗ್ಯಾಸಿಗೆ ಸಿವಿ ಲೆಕ್ಕ ಹಾಕೋದು ಹೇಗೆ, 2 ಇಂಚು ಸಾಕಾ, ಯಾರಾದರೂ ಬಿಡಿಸಿ ಹೇಳ್ತೀರಾ?

ಹಳೇ_ಫಿಟ್ಟರ್

ಲೈನಿಗಿಂತ ಒಂದು ಸೈಜ್ ಕಮ್ಮಿ ಹಾಕ್ಬೇಕು ಸ್ವಾಮಿ. ನಾವು ಜೀವಮಾನ ಎಲ್ಲಾ ಹಾಗೇ ಹಾಕಿರೋದು. ಲೈನ್ ಸೈಜಿನ ಕಂಟ್ರೋಲ್ ವಾಲ್ವ್ ಕಂಡ್ರೆ ಅಲ್ಲಿ ಯಾರೋ ಲೆಕ್ಕ ಹಾಕಿಲ್ಲ ಅಂತಲೇ ಅರ್ಥ.

ಹುಬ್ಬಳ್ಳಿ_ಲೂಪ್

ವಾಲ್ವ್ ಬೈಯೂಕಿಂತ ಮೊದಲ ಒಂದು ಕೆಲಸ ಮಾಡ್ರಿ. ಲೋ ಫೈರಿನ್ಯಾಗ ಆಪರೇಟರ್‌ನ ಬಾಜೂಕ ನಿಂದ್ರಿಸಿಕೊಂಡು ಲೂಪ್ ಮ್ಯಾನುವಲ್‌ಗೆ ಹಾಕ್ರಿ. ಔಟ್‌ಪುಟ್ ಅಲುಗಾಡದಂಗ ಹಿಡೀರಿ. ಆಗ್ಲೂ ಫ್ಲೋ ಕುಣೀತೈತಿ ಅಂದ್ರ ತಪ್ಪು ನಿಮ್ಮ ವಾಲ್ವಿಂದಲ್ಲ, ಹಿಂದಿನ ಎಂಆರ್‌ಎಸ್‌ನ (ಗ್ಯಾಸ್ ಅಳದು ಒತ್ತಡ ಇಳಿಸೂ ಸ್ಟೇಷನ್) ರೆಗ್ಯುಲೇಟರ್ ಕುಣೀಲಿಕ್ಕತ್ತೈತಿ ಅಂತ ತಿಳೀರಿ. ದೊಡ್ಡ ರೆಗ್ಯುಲೇಟರ್ ಸಣ್ಣ ಫ್ಲೋದಾಗ ಇದ್ರ ಅದೂ ಇದೇ ಆಟ ಆಡತೈತಿ, ಮತ್ತ ಎರಡೂ ಒಂದಕ್ಕೊಂದು ಜಗ್ಗಾಡತಾವ. ಮ್ಯಾನುವಲ್ಲಿನ್ಯಾಗ ಫ್ಲೋ ಸುಮ್ಮ ನಿಂತ್ರ ಒಂದೊಂದ ಪರ್ಸೆಂಟ್ ಸ್ಟೆಪ್ ಕೊಟ್ಟು ಫ್ಲೋ ಎಷ್ಟು ಜಿಗೀತು ಬರಕೊಳ್ರಿ.

ದಾಬಸ್‌ಪೇಟೆ_ಬಾಯ್ಲರ್

ಹುಬ್ಬಳ್ಳಿ ಸರ್, ನೀವು ಹೇಳಿದ ಹಾಗೆ ಮಾಡಿದೆ. ಮ್ಯಾನುವಲ್‌ನಲ್ಲಿ ಫ್ಲೋ ಗೆರೆ ಎಳೆದ ಹಾಗೆ ನಿಂತಿತು. ಒಂದು ಪರ್ಸೆಂಟ್ ಏರಿಸಿದರೆ ಮೊದಲು ಏನೂ ಆಗಲ್ಲ, ಆಮೇಲೆ ಒಮ್ಮೆಲೇ 50-55 ಎಸ್‌ಸಿಎಂ ಜಿಗಿಯುತ್ತೆ. ಇಳಿಸುವಾಗಲೂ ಅದೇ ಕಥೆ.

ಸೈಜಿಂಗ್_ಡೆಸ್ಕ್

ಆ 50-55 ಎಲ್ಲಿಂದ ಬಂತು ಅಂತ ಮೊದಲು ನೋಡೋಣ, ಉಳಿದದ್ದು ಅದರ ಹಿಂದೆ ಬರುತ್ತೆ. ನಾನು ಕೆಲವು ವರ್ಷ ವಾಲ್ವ್ ತಯಾರಕರ ಕಡೆ ಕೂತು ಇದೇ ಲೆಕ್ಕ ಹಾಕಿದವಳು.

ಲೀನಿಯರ್ ಟ್ರಿಮ್‌ನಲ್ಲಿ ಸಿವಿ 110 ಅಂದರೆ ಪ್ರತಿ ಒಂದು ಪರ್ಸೆಂಟ್ ಸ್ಟ್ರೋಕಿಗೆ 1.1 ಸಿವಿ. ನಿಮ್ಮ ಲೋ ಫೈರಿಗೆ ಬೇಕಾದ್ದು ಒಟ್ಟು 4 ಸಿವಿ ಆಸುಪಾಸು (ಕೆಳಗೆ ಹಾಕಿ ತೋರಿಸುತ್ತೇನೆ). ನಾಲ್ಕರಲ್ಲಿ 1.1 ಅಂದರೆ 27 ಪರ್ಸೆಂಟ್. 200ರ ಮೇಲೆ 27 ಪರ್ಸೆಂಟ್ ಅಂದರೆ 54 ಎಸ್‌ಸಿಎಂ. ನೀವು ಬರೆದುಕೊಂಡದ್ದೂ ಅಷ್ಟೇ. ಒಳ್ಳೆಯ ಪೊಸಿಷನರ್ (ಸ್ಟೆಮನ್ನು ಹೇಳಿದ ಜಾಗಕ್ಕೆ ತಂದು ನಿಲ್ಲಿಸುವ ಸಾಧನ) ಕೂಡ ಅರ್ಧ ಪರ್ಸೆಂಟಿಗಿಂತ ಸಣ್ಣ ಹೆಜ್ಜೆಯನ್ನು ನಂಬಿಕೆಯಿಂದ ಇಡಲಾರದು, ಗ್ಲ್ಯಾಂಡ್ ಪ್ಯಾಕಿಂಗ್ (ಸ್ಟೆಮ್ ಸುತ್ತ ಸೋರದಂತೆ ತುಂಬುವುದು) ಬಿಗಿ ಇದ್ದರೆ ಇನ್ನೂ ಕಷ್ಟ. ಕಂಟ್ರೋಲರ್‌ಗೆ ಬೇಕಾದ ಫ್ಲೋ ಎರಡು ಹೆಜ್ಜೆಗಳ ನಡುವೆ ಇದೆ, ಅದು ಸಿಗದೆ ಆಚೆ ಈಚೆ ಓಡಾಡುತ್ತಿದೆ. ಟ್ಯೂನಿಂಗ್ ಮಾಡಿ ಅದನ್ನು ನಿಧಾನ ಮಾಡಬಹುದು, ನಿಲ್ಲಿಸಕ್ಕಾಗಲ್ಲ.

ಈಗ ಸಿವಿ. ನೀರಿನ ಸೂತ್ರ ಇಲ್ಲಿ ನಡೆಯಲ್ಲ. ಗ್ಯಾಸ್ ವಾಲ್ವ್‌ನೊಳಗೆ ಹಿಗ್ಗುತ್ತೆ, ಸಾಂದ್ರತೆ ದಾರಿಯಲ್ಲೇ ಬದಲಾಗುತ್ತೆ. ಐಇಸಿ 60534-2-1 ಅನ್ನೋ ಅಂತರರಾಷ್ಟ್ರೀಯ ಸ್ಟಾಂಡರ್ಡಿನಲ್ಲಿರುವ ಸೂತ್ರವನ್ನು ಕೆಜಿ ಮತ್ತು ಬಾರ್ ಲೆಕ್ಕಕ್ಕೆ ತಂದರೆ ಹೀಗೆ:

ಸಿವಿ = ಡಬ್ಲ್ಯು ÷ [27.3 × ವೈ × √(ಎಕ್ಸ್ × ಪಿ1 × ರೋ1)]

ಡಬ್ಲ್ಯು ಗಂಟೆಗೆ ಎಷ್ಟು ಕೆಜಿ ಎನ್ನುವುದು. ಪಿ1 ಒಳಬರುವ ಅಬ್ಸೊಲ್ಯೂಟ್ ಒತ್ತಡ (ಗೇಜ್ ತೋರಿಸುವುದಕ್ಕೆ ವಾತಾವರಣದ ಒತ್ತಡ ಸೇರಿಸಿದ್ದು), ರೋ1 ಆ ಒತ್ತಡದಲ್ಲಿ ಗ್ಯಾಸಿನ ಸಾಂದ್ರತೆ. ಎಕ್ಸ್ ಅಂದರೆ ಒತ್ತಡದ ಇಳಿತವನ್ನು ಪಿ1ರಿಂದ ಭಾಗಿಸಿದ್ದು. ವೈ ಹಿಗ್ಗುವಿಕೆಯ ಫ್ಯಾಕ್ಟರ್: 1 − ಎಕ್ಸ್ ÷ (3 × ಎಫ್ × ಎಕ್ಸ್‌ಟಿ). ಎಫ್ ಅನ್ನೋದು ಗ್ಯಾಸಿನ ಗಾಮಾವನ್ನು (ಎರಡು ವಿಶಿಷ್ಟ ಉಷ್ಣಗಳ ಅನುಪಾತ) 1.4ರಿಂದ ಭಾಗಿಸಿದ್ದು, ನೈಸರ್ಗಿಕ ಅನಿಲಕ್ಕೆ ಗಾಮಾ 1.3 ಇಟ್ಟರೆ 0.93. ಎಕ್ಸ್‌ಟಿ ವಾಲ್ವ್‌ನ ಗುಣ, ಕ್ಯಾಟಲಾಗ್‌ನಲ್ಲಿ ಇರುತ್ತೆ. ಗ್ಲೋಬಿಗೆ 0.7ರ ಮೇಲೆ ಕೆಳಗೆ, ಬಟರ್‌ಫ್ಲೈ, ಬಾಲ್‌ಗಳಿಗೆ ಪೂರ್ತಿ ತೆರೆದಾಗ ಅದರ ಅರ್ಧಕ್ಕಿಂತ ಕಡಿಮೆಯೂ ಇರಬಹುದು. ನಿಮಗೆ 0.72 ಹಿಡಿದಿದ್ದೇನೆ.

ಒಂದು ವಿಷಯ ಎಲ್ಲರೂ ಹಾರಿಸುತ್ತಾರೆ. ಬೆಂಗಳೂರು ಸುತ್ತಮುತ್ತ ನಾವು ಸಮುದ್ರಮಟ್ಟದಿಂದ 900 ಮೀಟರ್ ಮೇಲಿದ್ದೇವೆ. ಇಲ್ಲಿ ವಾತಾವರಣದ ಒತ್ತಡ 1.013 ಅಲ್ಲ, 0.91 ಬಾರ್. ಊರಿಗೆ ಗ್ಯಾಸ್ ತರುವ 49 ಬಾರಿನ ಸ್ಟೀಲ್ ಲೈನಿಗೆ ಇದು ಲೆಕ್ಕಕ್ಕಿಲ್ಲ, ಬರ್ನರ್ ಹತ್ತಿರದ ಸಣ್ಣ ಒತ್ತಡಕ್ಕೆ ಲೆಕ್ಕಕ್ಕಿದೆ. ಹಾಗಾಗಿ ಪಿ1 = 2.91, ಪಿ2 (ವಾಲ್ವ್ ಆಚೆಯದು) = 1.71, ಇಳಿತ 1.2, ಎಕ್ಸ್ = 0.41.

ಸ್ಪೆಸಿಫಿಕ್ ಗ್ರಾವಿಟಿ 0.6 ಅಂದರೆ ಒಂದು ಎಸ್‌ಸಿಎಂಗೆ 0.735 ಕೆಜಿ, 1200ಕ್ಕೆ 882 ಕೆಜಿ. 30 ಡಿಗ್ರಿಯಲ್ಲಿ, 2.91 ಬಾರಿನಲ್ಲಿ ಸಾಂದ್ರತೆ ಘನ ಮೀಟರಿಗೆ 2.0 ಕೆಜಿ. ವೈ = 0.795. ಎಲ್ಲಾ ಹಾಕಿದರೆ ಸಿವಿ 26.2.

ಲೋ ಫೈರ್: 147 ಕೆಜಿ. ಬರ್ನರ್ ಒತ್ತಡ ಬಿದ್ದುಹೋಗಿರುವುದರಿಂದ ಪಿ2 ಬರೀ 0.93, ಎಕ್ಸ್ 0.68. ಎಫ್ × ಎಕ್ಸ್‌ಟಿ 0.67. ಅಂದರೆ ಚೋಕ್ ಆಗುವ (ಆಚೆ ಒತ್ತಡ ಇಳಿಸಿದರೂ ಫ್ಲೋ ಹೆಚ್ಚದ) ಅಂಚಿನಲ್ಲಿದೆ. ವೈ 0.667ಕ್ಕೆ ನಿಲ್ಲಿಸಿ, ಎಕ್ಸ್‌ಗೆ 0.67 ಹಾಕಿ ಲೆಕ್ಕ ಮಾಡಿದರೆ ಸಿವಿ 4.1.

ಗಮನಿಸಿ, ಫ್ಲೋ ಆರು ಪಟ್ಟು ಇಳಿದರೆ ಸಿವಿ ಆರೂವರೆ ಪಟ್ಟು ಇಳಿಯಬೇಕು. ಲೋಡ್ ಕಡಿಮೆಯಾದಷ್ಟೂ ವಾಲ್ವ್ ಮೇಲೆ ಇಳಿತ ಜಾಸ್ತಿಯಾಗುತ್ತೆ. ಬರ್ನರ್ ಕೆಲಸಗಳಲ್ಲಿ ಯಾವಾಗಲೂ ಹೀಗೇ.

ಕರಾವಳಿ_ಪ್ರೋಸೆಸ್

ಮೇಡಂ ಲೆಕ್ಕ ಸರಿ ಉಂಟು. ನಾನು ಹಳೆಯ ಜರ್ಮನ್ ಸೂತ್ರದಲ್ಲಿ ಕ್ರಾಸ್ ಚೆಕ್ ಮಾಡಿದೆ, ಮೊಬೈಲಿನಲ್ಲೇ ಆಗುತ್ತದೆ ಅದು (ಕೆವಿ ಅಂದರೆ ಸಿವಿಯದ್ದೇ ಮೆಟ್ರಿಕ್ ರೂಪ): ಕೆವಿ = (ಕ್ಯೂಎನ್ ÷ 514) × √(ರೋಎನ್ × ಟಿ1 ÷ (ಇಳಿತ × ಪಿ2)). ಪಿ2 ಪಿ1ರ ಅರ್ಧಕ್ಕಿಂತ ಮೇಲೆ ಇದ್ದರೆ ಮಾತ್ರ. ಕೆವಿ 23.7 ಬಂತು, ಸಿವಿಗೆ ತಂದರೆ 27.4. ಎಕ್ಸ್‌ಟಿ, ವೈ ಯಾವುದೂ ಇಲ್ಲದೆ ಇಷ್ಟು ಹತ್ತಿರ ಬಂದರೆ ಸಾಕಲ್ಲ ಮಾರ್ರೆ.

ಆದರೆ ಒಂದು ಜಾಗ್ರತೆ. ಆ ಸೂತ್ರದ ಕ್ಯೂಎನ್ ನಾರ್ಮಲ್ ಘನ ಮೀಟರ್, 0 ಡಿಗ್ರಿಯದ್ದು. ನಮ್ಮಲ್ಲಿ ಗ್ಯಾಸ್ ಬಿಲ್ ಬರುವುದು ಸ್ಟಾಂಡರ್ಡ್ ಘನ ಮೀಟರಿನಲ್ಲಿ, 15 ಡಿಗ್ರಿಯದ್ದು. 1200 ಎಸ್‌ಸಿಎಂ ಅಂದರೆ 1137 ಎನ್‌ಸಿಎಂ. ಐದೂವರೆ ಪರ್ಸೆಂಟ್ ವ್ಯತ್ಯಾಸ. ಯುರೋಪಿನ ಬರ್ನರ್ ಬಂದರೆ ಅದರ ಪುಸ್ತಕದಲ್ಲಿ ಎನ್‌ಸಿಎಂ, ಇಲ್ಲಿಯ ಮೀಟರಿನಲ್ಲಿ ಎಸ್‌ಸಿಎಂ, ನಡುವೆ ಯಾರೂ ನೋಡುವುದಿಲ್ಲ.

ಕೊಚ್ಚಿ–ಮಂಗಳೂರು ಪೈಪ್‌ಲೈನ್ 2021ರ ಜನವರಿಯಲ್ಲಿ ಉದ್ಘಾಟನೆ ಆಯಿತಲ್ಲ, ಆಗಿನಿಂದ ನಮ್ಮ ಕಡೆ ನಾಫ್ತಾ, ಆಯಿಲ್ ಬಿಟ್ಟು ಗ್ಯಾಸಿಗೆ ಬಂದ ಕಡೆಗಳಲ್ಲೆಲ್ಲ ನಾನು ಮೊದಲು ಕೇಳುವ ಪ್ರಶ್ನೆಯೇ ಇದು: ಯಾವ ಘನ ಮೀಟರ್?

ಹುಬ್ಬಳ್ಳಿ_ಲೂಪ್

ಮೇಡಂ, ಒಂದು ಕೂಡಂಗಿಲ್ಲ ನೋಡ್ರಿ. ಸಿವಿ 26.2 ಅಂದ್ರ 110ರ ಲೀನಿಯರ್ ವಾಲ್ವ್ 24 ಪರ್ಸೆಂಟ್ ತೆಗೀಬೇಕು. ಇವರು 28 ಅಂತಾರ. ಲೋ ಫೈರಿನ್ಯಾಗ 4.1 ಅಂದ್ರ 3.7, ಅದು ಸರಿ ಹೊಂದತೈತಿ. ಫುಲ್ ಲೋಡಿನ್ಯಾಗ ಮಾತ್ರ ಯಾಕ ಇಷ್ಟು ಫರಕ? ದಾಬಸ್‌ಪೇಟೆಯವರ, ಆ 2.0 ಬಾರ್ ಎಲ್ಲಿ ನೋಡಿ ಬರದೀರಿ? ವಾಲ್ವಿನ ಬಾಜೂಕ ಗೇಜ್ ಐತೇನು?

ದಾಬಸ್‌ಪೇಟೆ_ಬಾಯ್ಲರ್

ಅದು ಎಂಆರ್‌ಎಸ್ ಔಟ್‌ಲೆಟ್ ಗೇಜ್ ಸರ್, ಗೇಟ್ ಹತ್ತಿರ. ಅಲ್ಲಿಂದ ಬಾಯ್ಲರ್ ಹೌಸ್‌ಗೆ ಉದ್ದನೆಯ ಪೈಪ್, ಮಧ್ಯೆ ನಮ್ಮ ಫಿಲ್ಟರ್, ಟರ್ಬೈನ್ ಮೀಟರ್, ಎರಡು ಶಟಾಫ್ ವಾಲ್ವ್. ಇವತ್ತು ಕಂಟ್ರೋಲ್ ವಾಲ್ವ್‌ಗೆ ತಾಗಿದ ಹಾಗೆ ಇರುವ ಟ್ಯಾಪಿಂಗ್‌ಗೆ ಟೆಸ್ಟ್ ಗೇಜ್ ಹಾಕಿ ನೋಡಿದೆ. ಲೋ ಫೈರಿನಲ್ಲಿ 2.0 ಸರಿಯಾಗಿ ಇದೆ. ಫುಲ್ ಲೋಡಿನಲ್ಲಿ 1.7.

ಇನ್ನೊಂದು: ವಾಲ್ವ್‌ನವರ ಡೇಟಾಶೀಟ್ ಸಿಕ್ಕಿತು. ಅದರಲ್ಲಿ ಪಿ1 2.0, ಪಿ2 0.8 ಅಂತಷ್ಟೇ ಇದೆ. ಗೇಜ್ ಅಂತಲೂ ಇಲ್ಲ, ಅಬ್ಸೊಲ್ಯೂಟ್ ಅಂತಲೂ ಇಲ್ಲ. ಲೆಕ್ಕದಲ್ಲಿ ಬಂದ ಸಿವಿ 35.8, ಕೆಳಗೆ "ಭವಿಷ್ಯದ ವಿಸ್ತರಣೆ 25%", ಅದರ ಕೆಳಗೆ "ಸುರಕ್ಷತಾ ಅಂಚು 30%". ಕನಿಷ್ಠ ಫ್ಲೋ ಕಾಲಂ ಖಾಲಿ.

ಸೈಜಿಂಗ್_ಡೆಸ್ಕ್

35.8 ನೋಡಿದ ಕೂಡಲೇ ಗೊತ್ತಾಯಿತು. 2.0, 0.8 ಎರಡನ್ನೂ ಸಾಫ್ಟ್‌ವೇರಿಗೆ ಅಬ್ಸೊಲ್ಯೂಟ್ ಅಂತ ತುಂಬಿದ್ದಾರೆ. ನಾನೂ ಹಾಗೇ ತುಂಬಿ ನೋಡಿದೆ, ಅಷ್ಟೇ ಬಂತು. 0.8 ಬಾರ್ ಅಬ್ಸೊಲ್ಯೂಟ್ ಅಂದರೆ ವಾಲ್ವ್ ಆಚೆ ವ್ಯಾಕ್ಯೂಮ್! ಬರ್ನರ್‌ಗೆ ಗ್ಯಾಸ್ ಕೊಡುವ ಲೈನ್ ಬರ್ನರ್‌ನಿಂದ ಗಾಳಿ ಎಳೆದುಕೊಳ್ಳುತ್ತೆ ಅಂತ ಯಾರೂ ಬೆಚ್ಚಿಬಿದ್ದಿಲ್ಲ.

ಆಮೇಲೆ 35.8 × 1.25 = 44.8. ಅದರ ಮೇಲೆ 1.3 ಗುಣಿಸಿದರೆ 58. ಅವರ 2 ಇಂಚಿನ ವಾಲ್ವ್‌ನ ರೇಟೆಡ್ ಸಿವಿ ಬಹುಶಃ 46 ಇರಬಹುದು, ಆ ವರ್ಗದಲ್ಲಿ ಸಾಮಾನ್ಯ. 58 ಅದರಲ್ಲಿ ಕೂರಲ್ಲ. ಮುಂದಿನ ಸೈಜ್ 3 ಇಂಚು, 110. ಲೈನೂ 3 ಇಂಚು, ರೆಡ್ಯೂಸರ್ ಉಳಿಯಿತು ಅಂತ ಎಲ್ಲರಿಗೂ ಖುಷಿ. ಸಾರಿಗೆ ಅತ್ತೆ ಒಂದು ಸಲ, ಸೊಸೆ ಒಂದು ಸಲ, ಬಡಿಸುವವರು ಒಂದು ಸಲ ಉಪ್ಪು ಹಾಕಿದ ಹಾಗೆ. 1200 ಅನ್ನೋದೇ ಬರ್ನರ್‌ನ ಗರಿಷ್ಠ ಸಾಮರ್ಥ್ಯ, ಅದರಾಚೆ ಈ ಬಾಯ್ಲರ್ ಗ್ಯಾಸ್ ಕುಡಿಯಲ್ಲ. ಭವಿಷ್ಯದ ವಿಸ್ತರಣೆ ಅಂದರೆ ಇನ್ನೊಂದು ಬಾಯ್ಲರ್, ಅದಕ್ಕೆ ಇನ್ನೊಂದು ವಾಲ್ವ್.

ಈಗ ನಿಮ್ಮ ಹೊಸ ರೀಡಿಂಗ್. ಪಿ1 1.7 ಗೇಜ್, ಅಂದರೆ 2.61. ಇಳಿತ 0.9ಕ್ಕೆ ಇಳಿಯಿತು. ಸಿವಿ 30.6 ಬರುತ್ತೆ, 110ರಲ್ಲಿ 28 ಪರ್ಸೆಂಟ್. ಹುಬ್ಬಳ್ಳಿಯವರ ಪ್ರಶ್ನೆಗೆ ಉತ್ತರ ಸಿಕ್ಕಿತು. ವಾಲ್ವ್ ಸುಳ್ಳು ಹೇಳುತ್ತಿರಲಿಲ್ಲ, ಗೇಟಿನ ಗೇಜ್ ಬಾಯ್ಲರ್ ಹೌಸ್‌ನ ಸುದ್ದಿ ಹೇಳುತ್ತಿರಲಿಲ್ಲ.

ಸೈಜಿಂಗ್‌ಗೆ ಇದಕ್ಕಿಂತ ಕೆಟ್ಟ ದಿನವನ್ನು ಹಿಡಿಯಬೇಕು: ಫಿಲ್ಟರ್ ಕೊಳೆಯಾಗಿದೆ, ಎಂಆರ್‌ಎಸ್ ರೆಗ್ಯುಲೇಟರ್ ಸ್ವಲ್ಪ ತಗ್ಗಿದೆ, ಪಿ1 1.6 ಅಂದುಕೊಳ್ಳಿ. ಆಗ ಫುಲ್ ಲೋಡಿಗೆ ಸಿವಿ 32.6. ಇನ್ನೊಂದು ತುದಿಗೆ ಒಳ್ಳೆಯ ದಿನವನ್ನು ಹಿಡಿಯಬೇಕು: ಪಿ1 ಪೂರ್ತಿ 2.0, ಫ್ಲೋ 200, ಸಿವಿ 4.1. ವಾಲ್ವ್ ಆರಿಸುವುದು ಈ 4.1 ಮತ್ತು 32.6ರ ನಡುವಿನ ಓಡಾಟಕ್ಕೆ, ಅದು 2 ಇಂಚಿನ 46ರಲ್ಲಿ ಕೂರುತ್ತೆ. ಗರಿಷ್ಠ ಫ್ಲೋಗೆ ಕನಿಷ್ಠ ಒತ್ತಡ, ಕನಿಷ್ಠ ಫ್ಲೋಗೆ ಗರಿಷ್ಠ ಒತ್ತಡ. ಡೇಟಾಶೀಟಿನಲ್ಲಿ ಖಾಲಿ ಬಿಟ್ಟ ಆ ಕಾಲಂ ತುಂಬಿದ್ದರೆ ಈ ಚರ್ಚೆಯೇ ಇರುತ್ತಿರಲಿಲ್ಲ.

ಹೊಸ_ಟ್ರೈನಿ

ಮೇಡಂ, ಲೋ ಫೈರಿನಲ್ಲಿ ಚೋಕ್ ಆಗುತ್ತೆ ಅಂದಿರಿ. ಚೋಕ್ ಅಂದರೆ ಕೆಟ್ಟದ್ದು, ಡಿಸೈನ್‌ನಲ್ಲಿ ತಪ್ಪಿಸಬೇಕು ಅಂತ ಕಾಲೇಜಿನಲ್ಲಿ ಹೇಳಿದ್ದರು. ಹಾಗಾದರೆ ವಾಲ್ವ್ ಬದಲಾಯಿಸಿದರೂ ಆ ಸಮಸ್ಯೆ ಉಳಿಯುತ್ತಲ್ಲ?

ದೋಹಾ_ಕನ್ನಡಿಗ

ತಮ್ಮಾ, ನಿಮಗೆ ಹೇಳಿಕೊಟ್ಟದ್ದು ನೀರಿನ ಚೋಕ್ ಇರಬೇಕು. ಅಲ್ಲಿ ಗುಳ್ಳೆ ಒಡೆದು ಟ್ರಿಮ್ ತಿಂದುಹಾಕುತ್ತೆ. ಗ್ಯಾಸಿನಲ್ಲಿ ಚೋಕ್ ಅಂದರೆ ವಾಲ್ವ್‌ನ ಇಕ್ಕಟ್ಟಿನ ಜಾಗದಲ್ಲಿ ವೇಗ ಶಬ್ದದ ವೇಗ ಮುಟ್ಟಿತು, ಇನ್ನು ಆಚೆ ಒತ್ತಡ ಎಷ್ಟೇ ಇಳಿಸಿದರೂ ಫ್ಲೋ ಹೆಚ್ಚಲ್ಲ ಅಂತಷ್ಟೇ. ಬರ್ನರ್ ಕೆಲಸಕ್ಕೆ ಅದು ಒಂದು ರೀತಿ ಅನುಕೂಲ. ಬರ್ನರ್ ಕಡೆ ಒತ್ತಡ ಸ್ವಲ್ಪ ಅಲುಗಾಡಿದರೂ ಫ್ಲೋ ಅಲುಗಾಡಲ್ಲ, ಪಿ1 ಮತ್ತು ಸ್ಟೆಮ್ ಎರಡೇ ನಿರ್ಧರಿಸುತ್ತವೆ.

ಚೋಕ್‌ಗೆ ಹೆದರಬೇಕಾದ್ದು ಒತ್ತಡವೂ ಇಳಿತವೂ ದೊಡ್ಡದಿರುವ ಕಡೆ, ಸದ್ದಿಗೋಸ್ಕರ. ಇಲ್ಲಿ ಗಲ್ಫ್‌ನಲ್ಲಿ ಟರ್ಬೈನ್ ಫ್ಯುಯಲ್ ಗ್ಯಾಸ್ ಲೈನುಗಳಲ್ಲಿ 70 ಬಾರ್‌ನಿಂದ 30ಕ್ಕೆ ಇಳಿಸುತ್ತೇವೆ. ಅಲ್ಲಿ ಸಾದಾ ಪ್ಲಗ್ ಹಾಕಿದರೆ ಪಕ್ಕ ನಿಲ್ಲಕ್ಕಾಗಲ್ಲ, ಪೈಪೇ ಅದುರುತ್ತೆ. ತೂತುತೂತಿನ ಕೇಜ್ ಇರುವ ಲೋ ನಾಯ್ಸ್ ಟ್ರಿಮ್ ಬೇಕೇ ಬೇಕು. ಸದ್ದನ್ನು ಐಇಸಿ 60534-8-3 ಪ್ರಕಾರ ಲೆಕ್ಕ ಹಾಕಿಸಿ, ಒಂದು ಮೀಟರ್ ದೂರದಲ್ಲಿ 85 ಡೆಸಿಬಲ್ ಮೀರಬಾರದು ಅಂತ ಬರೆಸಿಕೊಳ್ಳುತ್ತೇವೆ.

ಇನ್ನೆರಡು ವಿಷಯ, ಅಲ್ಲಿ ದೊಡ್ಡವು, ನಿಮ್ಮಲ್ಲಿ ಸೊನ್ನೆ. ಒಂದು ಝೆಡ್, ಅಂದರೆ ಗ್ಯಾಸ್ ಆದರ್ಶ ಅನಿಲದಿಂದ ಎಷ್ಟು ಬೇರೆ ಅನ್ನೋ ಅಂಕಿ. 70 ಬಾರ್‌ನಲ್ಲಿ ಝೆಡ್ 0.85ರ ಹತ್ತಿರ, ಅದನ್ನು 1 ಅಂತ ಹಾಕಿದರೆ ಸಿವಿ ಎಂಟು ಪರ್ಸೆಂಟ್ ತಪ್ಪುತ್ತೆ. 3 ಬಾರ್‌ನಲ್ಲಿ 0.99, ಮರೆತುಬಿಡಿ. ಇನ್ನೊಂದು ತಣಿಯುವುದು. ಒತ್ತಡ ಒಂದು ಬಾರ್ ಇಳಿದರೆ ಗ್ಯಾಸ್ ಸುಮಾರು ಅರ್ಧ ಡಿಗ್ರಿ ತಣ್ಣಗಾಗುತ್ತೆ. 40 ಬಾರ್ ಇಳಿಸಿದರೆ 20 ಡಿಗ್ರಿ, ಗ್ಯಾಸಿನಲ್ಲಿ ನೀರಿನ ಅಂಶ ಇದ್ದರೆ ಹೈಡ್ರೇಟ್ ಗಡ್ಡೆ ಕಟ್ಟಿ ವಾಲ್ವೇ ಸಿಕ್ಕಿಕೊಳ್ಳುತ್ತೆ. ಅದಕ್ಕೇ ಮುಂಚೆ ಹೀಟರ್ ಇಡೋದು. ದಾಬಸ್‌ಪೇಟೆಯವರಿಗೆ ಒಂದು ಡಿಗ್ರಿಯೂ ಇಳಿಯಲ್ಲ.

ಹಳೇ_ಫಿಟ್ಟರ್

ಇಷ್ಟೆಲ್ಲಾ ಲೆಕ್ಕ ಹಾಕಿ ಕೊನೆಗೆ ಬಂದಿದ್ದು ಏನು? 2 ಇಂಚು. ನಾನು ಮೊದಲನೇ ದಿನವೇ ಹೇಳಿದೆ.

ಕರಾವಳಿ_ಪ್ರೋಸೆಸ್

ನಿಮ್ಮ ಒಂದು ಸೈಜ್ ಕಮ್ಮಿ ನಿಯಮ ಇಲ್ಲಿ ಸರಿ ಬಿತ್ತು ಅಣ್ಣ, ಎಲ್ಲ ಕಡೆ ಬೀಳುವುದಿಲ್ಲ. 6 ಇಂಚಿನ ಲೈನಿನಲ್ಲಿ 2 ಇಂಚು ಬೇಕಾದದ್ದು ನೋಡಿದ್ದೇನೆ.

ಇವರಿಗೆ ಒಂದೂವರೆ ಇಂಚು ಯಾಕೆ ಬೇಡ ಅಂತ ಯಾರೂ ಕೇಳಲಿಲ್ಲ. ಅದರ ರೇಟೆಡ್ ಸಿವಿ 35 ಇರುತ್ತದೆ. 32.6 ಬೇಕಾದ ದಿನ ಅದು ಈಕ್ವಲ್ ಪರ್ಸೆಂಟೇಜ್ ಟ್ರಿಮ್‌ನಲ್ಲಿ 98 ಪರ್ಸೆಂಟ್ ತೆರೆದು ಕೂತಿರುತ್ತದೆ, ಕಂಟ್ರೋಲ್ ಮಾಡಲಿಕ್ಕೆ ಏನೂ ಉಳಿಯುವುದಿಲ್ಲ. ಅದು ಒಂದಾಯಿತು. ಔಟ್‌ಲೆಟ್ ವೇಗ ನೋಡಿ. 0.8 ಬಾರಿನಲ್ಲಿ 1200 ಎಸ್‌ಸಿಎಂ ಅಂದರೆ ನಿಜವಾದ ಗಾತ್ರ ಗಂಟೆಗೆ 748 ಘನ ಮೀಟರ್. ಒಂದೂವರೆ ಇಂಚಿನ ಬಾಯಲ್ಲಿ ಅದು ಸೆಕೆಂಡಿಗೆ 180 ಮೀಟರ್ ದಾಟುತ್ತದೆ. ಈ ಗ್ಯಾಸಿನಲ್ಲಿ ಶಬ್ದದ ವೇಗ 430 ಮೀಟರ್ ಚಿಲ್ಲರೆ, ಅಂದರೆ ಮ್ಯಾಕ್ 0.42. ಗ್ಯಾಸ್ ವಾಲ್ವ್ ಔಟ್‌ಲೆಟ್ 0.3 ಮ್ಯಾಕ್ ಒಳಗೆ ಇರಲಿ ಅಂತ ಸಾಮಾನ್ಯ ನಿಯಮ. 2 ಇಂಚಿನಲ್ಲಿ 102 ಮೀಟರ್, 0.24. ಪಾಸ್.

ಆದರೆ ಆಚೆಯ 3 ಇಂಚು ಪೈಪಿನಲ್ಲಿಯೂ 43 ಮೀಟರ್ ಓಡುತ್ತಾ ಉಂಟು. ಅದು ನನಗೆ ಜಾಸ್ತಿ ಅನಿಸುತ್ತದೆ. ಹೊಸದಾಗಿ ಹಾಕುವುದಾದರೆ ವಾಲ್ವ್ ನಂತರ 4 ಇಂಚು ಹಾಕಿ, 25ಕ್ಕೆ ಇಳಿಯುತ್ತದೆ. ವಾಲ್ವ್ ಸಣ್ಣದು, ಅದರ ಆಚೆ ಪೈಪ್ ದೊಡ್ಡದು. ಗ್ಯಾಸಿನಲ್ಲಿ ಇದು ವಿಚಿತ್ರ ಅಲ್ಲ, ಇಳಿಸಿದ ಗ್ಯಾಸಿಗೆ ಜಾಗ ಬೇಕು. ರೆಡ್ಯೂಸರ್‌ನಿಂದ ಸಿವಿ ಹೋಗುತ್ತದೆ ಅಂತ ಹೆದರಬೇಡಿ. ಎಫ್‌ಪಿ (ರೆಡ್ಯೂಸರ್‌ನಿಂದ ಆಗುವ ನಷ್ಟದ ಫ್ಯಾಕ್ಟರ್) ಹಾಕಿ ನೋಡಿದೆ, ಒಂದೂವರೆ ಪರ್ಸೆಂಟ್ ಆಸುಪಾಸು. ಬಾಲ್ ವಾಲ್ವ್ ಆಗಿದ್ದರೆ ಬೇರೆ ಮಾತು, ಅಲ್ಲಿ ಎಫ್‌ಪಿ ಕಚ್ಚುತ್ತದೆ.

ಸೈಜಿಂಗ್_ಡೆಸ್ಕ್

ಟ್ರಿಮ್ ಬಗ್ಗೆಯೂ ಹೇಳಿಬಿಡುತ್ತೇನೆ. ಲೀನಿಯರ್ ಬೇಡ, ಈಕ್ವಲ್ ಪರ್ಸೆಂಟೇಜ್ ಹಾಕಿಸಿ. ರೇಂಜಬಿಲಿಟಿ (ನಿಯಂತ್ರಿಸಬಹುದಾದ ಗರಿಷ್ಠ, ಕನಿಷ್ಠ ಫ್ಲೋಗಳ ಅನುಪಾತ) 50 ಇರುವ ಟ್ರಿಮ್‌ನಲ್ಲಿ ಒಂದು ಪರ್ಸೆಂಟ್ ಸ್ಟ್ರೋಕ್ ಅಂದರೆ, ಎಲ್ಲಿದ್ದರೂ, ಆಗಿನ ಫ್ಲೋದ 4 ಪರ್ಸೆಂಟ್. ಈಗ 54 ಎಸ್‌ಸಿಎಂ ಜಿಗಿಯುವ ಕಡೆ 8 ಜಿಗಿಯುತ್ತೆ. ಸಿವಿ 46ಕ್ಕೆ ಹಾಕಿ ನೋಡಿದರೆ ಲೋ ಫೈರಿನಲ್ಲಿ 38 ಪರ್ಸೆಂಟ್ ಓಪನಿಂಗ್, ಪಿ1 ಸರಿಯಾಗಿ 2.0 ಇದ್ದರೆ ಫುಲ್ ಲೋಡಿನಲ್ಲಿ 86, ಕೆಟ್ಟ ದಿನ 91. ಕೊನೆಯದು ಸ್ವಲ್ಪ ಬಿಗಿ, ಆದರೆ ಅದು ಫಿಲ್ಟರ್ ತೊಳೆಯಿರಿ ಅಂತ ನೆನಪಿಸುವ ಬಿಗಿ.

ಹೊಸ_ಟ್ರೈನಿ

ಹಾಗಾದರೆ ಟ್ರಿಮ್ ಬದಲು ಸ್ಮಾರ್ಟ್ ಪೊಸಿಷನರ್‌ನಲ್ಲೇ ಈಕ್ವಲ್ ಪರ್ಸೆಂಟೇಜ್ ಅಂತ ಸೆಟ್ ಮಾಡಿದರೆ ಆಗಲ್ವಾ? ಖರ್ಚಿಲ್ಲದೆ ಮುಗಿಯುತ್ತೆ.

ಹುಬ್ಬಳ್ಳಿ_ಲೂಪ್

ಕಂಟ್ರೋಲರ್‌ನ ಔಟ್‌ಪುಟ್ 16-18 ಪರ್ಸೆಂಟ್ ತೋರಸತೈತಿ ತಮ್ಮ, ಸ್ಟೆಮ್ ಮಾತ್ರ ಅದೇ 4 ಪರ್ಸೆಂಟಿನ್ಯಾಗ ನಿಂತಿರತೈತಿ. ಪ್ಯಾಕಿಂಗ್ ಹಿಡಿದು ಸ್ಟೆಮ್ ಅರ್ಧ ಪರ್ಸೆಂಟ್ ತಪ್ಪಿದ್ರ ಫ್ಲೋ 13 ಪರ್ಸೆಂಟ್ ಹೋಗೂದು ಹೋಗೂದ. ಸ್ಕ್ರೀನ್ ಮ್ಯಾಲ ಚಂದ ಕಾಣತೈತಿ, ಬರ್ನರ್‌ಗೆ ಏನೂ ಗೊತ್ತಾಗಂಗಿಲ್ಲ. ಮತ್ತ ಪ್ಲಗ್ ಯಾವಾಗ್ಲೂ ಸೀಟಿನ ಹತ್ರ ಹತ್ರನ ಓಡಾಡಿದ್ರ ಸೀಟಿನ ಅಂಚು ಸವದು ಲೀಕ್ ಶುರುವಾಗತೈತಿ.

ಟ್ಯೂನಿಂಗ್ ಸ್ವಲ್ಪ ಸಮಾಧಾನ ಆಗಬಹುದು, ಇಲ್ಲ ಅನ್ನಂಗಿಲ್ಲ. ಶಟ್‌ಡೌನ್ ಸಿಗೂತನ ತಾತ್ಕಾಲಿಕ ಮಾಡ್ರಿ ಬೇಕಾದ್ರ.

ದಾಬಸ್‌ಪೇಟೆ_ಬಾಯ್ಲರ್

ನಮ್ಮ ಪ್ರೊಡಕ್ಷನ್ ಮ್ಯಾನೇಜರ್ ಇನ್ನೊಂದು ಐಡಿಯಾ ಕೊಟ್ಟರು. ಎಂಆರ್‌ಎಸ್ ಸೆಟ್ಟಿಂಗ್ 2.0ರಿಂದ 1.6ಕ್ಕೆ ಇಳಿಸಿದರೆ ವಾಲ್ವ್ ತಾನಾಗೇ ಹೆಚ್ಚು ತೆರೆಯುತ್ತಲ್ಲ ಅಂತ.

ಸೈಜಿಂಗ್_ಡೆಸ್ಕ್

ತೆರೆಯುತ್ತೆ, 3.7 ಇದ್ದದ್ದು 4.3 ಪರ್ಸೆಂಟ್ ಆಗುತ್ತೆ. ಅಷ್ಟಕ್ಕೆ ಫುಲ್ ಲೋಡಿನಲ್ಲಿ ನಿಮ್ಮ ಪೈಪ್, ಫಿಲ್ಟರ್ ತಿನ್ನುವ 0.3 ಬಾರ್ ಕಳೆದು 1.3 ಉಳಿಯುತ್ತೆ, ಬರ್ನರ್‌ಗೆ 0.8 ಬೇಕು. ಅದೂ ಅಲ್ಲದೆ ಎಂಆರ್‌ಎಸ್ ರೆಗ್ಯುಲೇಟರ್ ಗ್ಯಾಸ್ ಕಂಪನಿಯದು, ಅದರ ಸೀಲ್ ಮುಟ್ಟಬೇಡಿ.

ಹಳೇ_ಫಿಟ್ಟರ್

ನಾನೊಂದು ಕೇಳ್ತೀನಿ. ಬಾಡಿ ಯಾಕ್ ತೆಗೀಬೇಕು? ಗ್ಯಾಸ್ ಲೈನ್ ಕಟ್ ಮಾಡು, ಪರ್ಜ್ ಮಾಡು, ರೆಡ್ಯೂಸರ್ ವೆಲ್ಡ್ ಮಾಡು, ಎಕ್ಸ್‌ರೇ ಹೊಡಿ, ಹೈಡ್ರೋಟೆಸ್ಟು, ಪರ್ಮಿಟ್ಟು. ಬಾನೆಟ್ ಬಿಚ್ಚಿ ಪ್ಲಗ್ಗು, ಸೀಟ್ ರಿಂಗು ಬದಲಾಯ್ಸಿ ಅಷ್ಟೇ. 3 ಇಂಚಿನ ಬಾಡಿಗೆ ಸಣ್ಣ ಸೀಟಿನ ಟ್ರಿಮ್ ಎಲ್ಲಾ ಕಂಪನಿಯವರೂ ಮಾಡ್ತಾರೆ. ನೇಮ್‌ಪ್ಲೇಟಿನ ಸೀರಿಯಲ್ ನಂಬರ್ ಕೊಟ್ಟು ಕೇಳಿ.

ಸೈಜಿಂಗ್_ಡೆಸ್ಕ್

ಇದು ನನ್ನ 2 ಇಂಚಿಗಿಂತ ಒಳ್ಳೆಯ ಉತ್ತರ. ರೆಡ್ಯೂಸ್ಡ್ ಟ್ರಿಮ್, ಈಕ್ವಲ್ ಪರ್ಸೆಂಟೇಜ್, ಸಿವಿ 46 ಅಥವಾ ಹತ್ತಿರದ್ದು. ಔಟ್‌ಲೆಟ್ 3 ಇಂಚೇ ಉಳಿಯುವುದರಿಂದ ಕರಾವಳಿಯವರ ಮ್ಯಾಕ್ ಚಿಂತೆಯೂ ಇಲ್ಲ, ಎಫ್‌ಪಿಯೂ ಇಲ್ಲ. ಮುಂದೊಂದು ದಿನ ನಿಜಕ್ಕೂ ದೊಡ್ಡ ಬರ್ನರ್ ಬಂದರೆ ದೊಡ್ಡ ಟ್ರಿಮ್ ಹಾಕಿಕೊಳ್ಳಬಹುದು. ಕೇಳುವಾಗ ಆ ಟ್ರಿಮ್‌ನ ಎಕ್ಸ್‌ಟಿ ಎಷ್ಟು, ಸ್ಟ್ರೋಕ್ ಅಷ್ಟೇ ಇರುತ್ತಾ, ಆಕ್ಚುಯೇಟರ್ ಸ್ಪ್ರಿಂಗ್ ಬದಲಾಗಬೇಕಾ ಅಂತಲೂ ಕೇಳಿ. ಗ್ಯಾಸ್‌ಕೆಟ್ ಸೆಟ್ ಜೊತೆಗೇ ತರಿಸಿ.

ದೋಹಾ_ಕನ್ನಡಿಗ

ಕೆಲವು ಕಂಪನಿಗಳು, ಮುಖ್ಯವಾಗಿ ರೆಗ್ಯುಲೇಟರ್ ಮಾಡುವವರು, ಸಿವಿ ಬದಲು ಸಿಜಿ (ಗ್ಯಾಸಿನ ಲೆಕ್ಕದ ಅಂಕಿ) ಕೊಡುತ್ತಾರೆ. ಗೊಂದಲ ಬೇಡ. ಸಿಜಿಯನ್ನು ಸಿವಿಯಿಂದ ಭಾಗಿಸಿದರೆ ಸಿ1, ಗ್ಲೋಬಿಗೆ 35ರ ಹತ್ತಿರ. ಸಿ1ರ ವರ್ಗವನ್ನು 1600ರಿಂದ ಭಾಗಿಸಿದರೆ ಎಕ್ಸ್‌ಟಿ ಸಿಗುತ್ತೆ. ಸಿಜಿ 1600 ಅಂತ ನೋಡಿ ಸಿವಿ ಅಂದುಕೊಂಡು ಆರ್ಡರ್ ಮಾಡಬೇಡಿ.

ಕರಾವಳಿ_ಪ್ರೋಸೆಸ್

ಟ್ರಿಮ್ ಬದಲಿಸುವಾಗ ಮರೆಯಬಾರದ್ದು ಲೋ ಫೈರ್ ಸ್ಟಾಪ್. ಈಗ ನಿಮ್ಮ ವಾಲ್ವಿಗೆ 4 ಪರ್ಸೆಂಟಿನಲ್ಲಿ ಮೆಕ್ಯಾನಿಕಲ್ ಸ್ಟಾಪ್ ಅಥವಾ ಲಿಮಿಟ್ ಸ್ವಿಚ್ ಇರಬೇಕು, ಬರ್ನರ್ ಸ್ಟಾರ್ಟ್ ಆಗಲಿಕ್ಕೆ ಬಿಎಂಎಸ್ (ಬರ್ನರ್‌ನ ಸುರಕ್ಷತಾ ನಿಯಂತ್ರಣ ವ್ಯವಸ್ಥೆ) ಅದನ್ನೇ ನೋಡುತ್ತದೆ. ಹೊಸ ಟ್ರಿಮ್ ಹಾಕಿ ಅದನ್ನು 4ರಲ್ಲೇ ಬಿಟ್ಟರೆ ಅಲ್ಲಿ ಸಿಗುವ ಗ್ಯಾಸ್ ಲೋ ಫೈರಿಗೆ ಸಾಕಾಗುವುದಿಲ್ಲ, ಇಗ್ನಿಷನ್ ಆಗದೆ ಟ್ರಿಪ್. 38ರ ಹತ್ತಿರ ಹೊಸದಾಗಿ ಸೆಟ್ ಮಾಡಿ, ಬರ್ನರ್‌ನವರನ್ನು ಕರೆಸಿ ಗಾಳಿ ಮತ್ತು ಗ್ಯಾಸಿನ ಕರ್ವ್ ಪೂರ್ತಿ ಮತ್ತೆ ಮಾಡಿಸಿ. ಲೀನಿಯರ್‌ಗೆ ಬರೆದ ಕರ್ವ್ ಈಕ್ವಲ್ ಪರ್ಸೆಂಟೇಜಿಗೆ ಹೊಂದುವುದಿಲ್ಲ, ಮಧ್ಯದ ಲೋಡಿನಲ್ಲಿ ಗ್ಯಾಸು ಗಾಳಿ ಲೆಕ್ಕ ತಪ್ಪಿ ಹೋಗುತ್ತದೆ. ಅದು ಹಂಟಿಂಗಿಗಿಂತ ಅಪಾಯ.

ಕಂಟ್ರೋಲ್ ವಾಲ್ವ್ ಮುಚ್ಚಿದೆ ಅಂದರೆ ಗ್ಯಾಸ್ ನಿಂತಿದೆ ಅಂತಲ್ಲ ಎಂದೂ ಹೊಸಬರಿಗೆ ಹೇಳಬೇಕು. ಕ್ಲಾಸ್ 4 ಸೀಟ್ ಅಂದರೆ ರೇಟೆಡ್ ಫ್ಲೋದ 0.01 ಪರ್ಸೆಂಟ್ ಸೋರಲಿಕ್ಕೆ ಅನುಮತಿ ಉಂಟು. ಗ್ಯಾಸ್ ನಿಲ್ಲಿಸುವುದು ಆ ಎರಡು ಶಟಾಫ್ ವಾಲ್ವ್, ನಡುವಿನ ವೆಂಟ್.

ದಾಬಸ್‌ಪೇಟೆ_ಬಾಯ್ಲರ್

ಎಲ್ಲರಿಗೂ ಧನ್ಯವಾದ. ವಾಲ್ವ್‌ನವರಿಗೆ ಸೀರಿಯಲ್ ನಂಬರ್ ಜೊತೆ ಎರಡೂ ತುದಿಯ ಡೇಟಾ ಕಳಿಸಿದೆ, ಪ್ರತಿ ಒತ್ತಡದ ಮುಂದೆ ಗೇಜ್ ಅಂತ ಬರೆದು, ಪಕ್ಕದಲ್ಲಿ ವಾತಾವರಣ 0.91 ಅಂತಲೂ ಸೇರಿಸಿ. ಈ ಬಾಡಿಗೆ ಈಕ್ವಲ್ ಪರ್ಸೆಂಟೇಜ್ ರೆಡ್ಯೂಸ್ಡ್ ಟ್ರಿಮ್ ಇದೆ, ಸಿವಿ 46, ಸ್ಟ್ರೋಕ್ ಅಷ್ಟೇ, ಸ್ಪ್ರಿಂಗ್ ಬದಲಾಯಿಸಬೇಕಿಲ್ಲ ಅಂತ ಉತ್ತರ ಬಂದಿದೆ. ಟ್ಯೂನಿಂಗ್ ಮಾತು ಈ ಸಲ ಎತ್ತಲಿಲ್ಲ. ಬಾಯ್ಲರ್‌ನ ವಾರ್ಷಿಕ ತಪಾಸಣೆಗೆ ಹೇಗೂ ನಿಲ್ಲಿಸುತ್ತೇವೆ, ಆಗಲೇ ಹಾಕಿಸೋದು ಅಂತ ಆಗಿದೆ. ಬರ್ನರ್‌ನವರಿಗೂ ಅದೇ ದಿನಕ್ಕೆ ಹೇಳಿದ್ದೇನೆ.

ಒಂದೇ ಅನುಮಾನ ಉಳಿದಿದೆ. ವಾಲ್ವ್‌ಗೆ ತಾಗಿದ ಹಾಗೆ ಶಾಶ್ವತವಾಗಿ ಒಂದು ಪ್ರೆಶರ್ ಟ್ರಾನ್ಸ್‌ಮಿಟರ್ ಹಾಕಿಸೋಣ ಅಂತಿದ್ದೇನೆ. ಎಷ್ಟು ದೂರದಲ್ಲಿ ಟ್ಯಾಪಿಂಗ್ ತೆಗೆಯಬೇಕು?

ಹುಬ್ಬಳ್ಳಿ_ಲೂಪ್

ವಾಲ್ವಿಗೆ ಗ್ಯಾಸ್ ಬರೂ ಕಡೆ ಪೈಪಿನ ಅಗಲದ ಎರಡು ಪಟ್ಟು, ವಾಲ್ವ್ ದಾಟಿ ಹೋಗೂ ಕಡೆ ಆರು ಪಟ್ಟು ದೂರ ಬಿಡ್ರಿ. ವಾಲ್ವ್ ಟೆಸ್ಟ್ ಮಾಡೂ ಮುಂದ ಸ್ಟಾಂಡರ್ಡಿನ್ಯಾಗೂ ಅಷ್ಟ ಬಿಡತಾರ. ನಿಮ್ಮ 3 ಇಂಚಿನ ಲೈನಿಗೆ ಈ ಕಡೆ ಅರ್ಧ ಫೂಟ್, ಆ ಕಡೆ ಒಂದೂವರಿ ಫೂಟ್ ಆತು. ಫಿಲ್ಟರಿನ ಎರಡೂ ಬಾಜೂಕ ಸೇರಿಸಿ ಒಂದು ಡಿಪಿ (ಒತ್ತಡದ ಫರಕ ತೋರಸೂ) ಗೇಜ್ ಹಾಕಸ್ರಿ, 91 ಪರ್ಸೆಂಟಿನ ದಿನ ಯಾವಾಗ ಬರತೈತಿ ಅಂತ ಅದ ಹೇಳತೈತಿ.